ಭುಜ ಅಳೆಯುವ ಯಂತ್ರವೂ ಜೈನಬಳ ಬಲಗೈಯೂ

ಕಾರ್ಖಾನೆಗಳ ವೈದ್ಯಕೀಯ ತಪಾಸಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಅಪ್ಪಣೆಯ ಮೇರೆಗೆ ನಮ್ಮ ಕಾರ್ಖಾನೆಗೆ ಬಂದ ಭುಜ ಅಳೆಯುವ ಯಂತ್ರವು ನನ್ನ ಗಟ್ಟಿಮುಟ್ಟಾದ ಭುಜವನ್ನು ‘ಅತಿ ಸಡಿಲ’ ಎಂದು ಘೋಷಿಸಿ ನನ್ನನ್ನು ಮನೆಗೆ ಕಳಿಸಿತು. ಅದೇ ಯಂತ್ರ, ಅದೇ ಮಧ್ಯಾಹ್ನ, ನನ್ನ ಗೆಳತಿ ಜೈನಬಳ ಜಾರುವ ಭುಜವನ್ನು ‘ನಾರ್ಮಲ್’ ಎಂದು ಮೆಚ್ಚಿಕೊಂಡು ಕೆಲಸಕ್ಕೆ ಅಟ್ಟಿತು. ಈಗ ನಾನು ಎರಡೂ ಕೈ ನೆಟ್ಟಗಿಟ್ಟುಕೊಂಡು ಸುಮ್ಮನೆ ಕೂತಿದ್ದೇನೆ. ಅವಳು ಬಲಗೈಯನ್ನು ಬಟ್ಟೆಯ ಜೋಲಿಗೆ ಹಾಕಿಕೊಂಡು ಕೂತಿದ್ದಾಳೆ. ಒಂದೇ ಮಧ್ಯಾಹ್ನ ಇಷ್ಟು ಅಚ್ಚುಕಟ್ಟಾಗಿ ಎರಡು ತಪ್ಪು ಮಾಡುವುದು ನಮ್ಮಂಥ ಸಾಮಾನ್ಯರ ಕೈಲಾಗದು. ಅದಕ್ಕೆ ಯಂತ್ರವೇ ಬೇಕು. ಯಂತ್ರ ಹೇಳಿದ್ದೇ ಕೊನೆಯ ಮಾತು ಎನ್ನುವ ತಮ್ಮ ಆದೇಶವೂ ಬೇಕು.

ನಾನು ಭಾನುಪ್ರಿಯ, ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನವಳು. ಬಿ.ಎ. ಎರಡನೇ ವರ್ಷಕ್ಕೆ ಓದು ಬಿಟ್ಟು ಹೆದ್ದಾರಿ ಬದಿಯ ಕಾರ್ಖಾನೆ ಸೇರಿದೆ. ನಮ್ಮದು ಹೊಸ ಜಿಲ್ಲೆ. ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಆರಿಲ್ಲ, ಅಷ್ಟರಲ್ಲೇ ರಸ್ತೆಯ ಎರಡೂ ಬದಿಗೆ ಶೆಡ್ಡುಗಳು ಎದ್ದಿವೆ. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದ ಹುಡುಗಿಯರು ಈಗ ನೀಲಿ ಕೋಟು ತೊಟ್ಟು ಕಂಪನಿ ವ್ಯಾನಿಗೆ ಕಾಯುತ್ತಾರೆ. ಕಾರುಗಳ ಹೊಟ್ಟೆಯೊಳಗೆ ಹೋಗುವ ವೈರಿನ ಕಟ್ಟುಗಳನ್ನು ನಾವು ಕಟ್ಟುವುದು. ಗೋಡೆಯ ಹಾಗೆ ನಿಂತ ಹಲಗೆ, ಅದರ ತುಂಬ ಮೊಳೆ, ಮೇಲಿನ ಸಾಲಿನ ಮೊಳೆಗೆ ವೈರು ಸಿಕ್ಕಿಸಬೇಕಾದರೆ ಕೈ ತಲೆಯ ಮೇಲೆ ಹೋಗಬೇಕು. ಇಡೀ ಶಿಫ್ಟು ಹಾಗೇ. ದೇವರಿಗೆ ಎರಡೂ ಕೈಯೆತ್ತಿ ಮುಗಿಯುವ ಭಕ್ತರಿಗೂ ನಮ್ಮಷ್ಟು ಹೊತ್ತು ಕೈ ಎತ್ತಿ ಗೊತ್ತಿರಲಾರದು.

ಜೈನಬ್ ನನ್ನ ಪಕ್ಕದ ಹಲಗೆಯವಳು. ರಾಮನಗರದವಳು, ಅವಳ ತಂದೆ ಸಮದ್ ಸಾಬರು ರೇಷ್ಮೆ ನೂಲು ಬಿಚ್ಚುವವರು. ಒಂದು ದಿನ ವ್ಯಾನಿನ ಚಾಲಕ ಹಸುವೊಂದನ್ನು ಉಳಿಸಲು ಬ್ರೇಕ್ ಒತ್ತಿದಾಗ, ಮೇಲಿನ ಕಂಬಿ ಹಿಡಿದು ನಿಂತಿದ್ದ ಜೈನಬಳ ತೋಳು ಭುಜದಿಂದ ಕಳಚಿಕೊಂಡು, ತಾನೇ ಒಳಗೆ ಹೋಯಿತು. ಹಸು ಬದುಕಿತು. ಆದರೆ ಅವತ್ತಿನಿಂದ ಕೈಯನ್ನು ಮೇಲೆತ್ತಿ ಹಿಂದಕ್ಕೆ ತಿರುಗಿಸಿದಾಗಲೆಲ್ಲ ಅವಳ ಮುಖ ಬಿಳುಚಿಕೊಳ್ಳುತ್ತಿತ್ತು. “ಕೈ ಈಗ ಕಳಚ್ಕೊಂಡ್ ಬಂತು, ಈಗ ಬಂತು ಅನ್ಸುತ್ತೆ ಕಣೇ. ಮೆಟ್ಟಿಲು ಇಲ್ದಿದ್ ಕಡೆ ಕಾಲಿಟ್ಟಂಗೆ,” ಎನ್ನುತ್ತಿದ್ದಳು. ಮೇಲಿನ ಮೊಳೆಗಳನ್ನು ಅವಳ ಬದಲು ನಾನೇ ಮುಗಿಸಿಕೊಡುತ್ತಿದ್ದೆ. ನನಗೆ ಅದೇನೂ ಕಷ್ಟವಾಗಿರಲಿಲ್ಲ. ಹುಟ್ಟಿನಿಂದಲೇ ನನ್ನ ಕೈಕಾಲು ಬಳುಕುವಂಥವು. ಬೆನ್ನಿನ ನಡುವೆ ಎಲ್ಲಿ ತುರಿಸಿದರೂ ಯಾರ ಸಹಾಯವೂ ಬೇಕಿಲ್ಲ. ಸೊಪ್ಪಿನ ಹೊರೆ ಹೊತ್ತಿದ್ದೇನೆ, ಬಾವಿಯಿಂದ ನೀರು ಸೇದಿದ್ದೇನೆ. ಭುಜ ಎನ್ನುವುದೊಂದು ಇದೆ ಎಂದು ನೆನಪಾದದ್ದೇ ತಮ್ಮ ಯಂತ್ರ ಬಂದ ಮೇಲೆ.

ಭುಜನೋವಿನ ದೂರುಗಳು ಹೆಚ್ಚಾದವೆಂದು ತಾವು ಕೀಲುಗಳ ಸಡಿಲತೆಯನ್ನು ಅಳೆಸಲು ಆದೇಶಿಸಿದಿರಿ. ಒಳ್ಳೆಯ ಯೋಚನೆ. ಹಲಗೆಯನ್ನು ಒಂದು ಗೇಣು ಕೆಳಗಿಳಿಸಬಹುದಿತ್ತು, ಆದರೆ ಹಲಗೆ ಕಂಪನಿಯದು, ಭುಜವಾದರೋ ನಮ್ಮದು.

ಕ್ಯಾಂಟೀನಿನಲ್ಲಿ ಯಂತ್ರ ಕೂತಿತು. ಕುರ್ಚಿ, ಎದೆಗೊಂದು ಬೆಲ್ಟು, ಭುಜದ ಮೂಳೆ ಅಲುಗದಂತೆ ಹಿಡಿಯುವ ಒಂದು ಮೆತ್ತೆಯ ಇಕ್ಕಳ, ತೋಳನ್ನು ಮುಂದಕ್ಕೂ ಹಿಂದಕ್ಕೂ ತಳ್ಳುವ ಒಂದು ಸರಳು, ತೋಳಿನ ಗುಂಡು ಗುಳಿಯೊಳಗೆ ಎಷ್ಟು ಸರಿಯಿತೆಂದು ತೋರಿಸುವ ಮುಳ್ಳು. ನಡೆಸುವವರು ಜಯಕುಮಾರ್ ಎಂಬ ಸಭ್ಯ ತಂತ್ರಜ್ಞರು. ಮೊದಲು ಜೈನಬ್ ಕೂತಳು. ಸರಳು ಮುಟ್ಟಿದ್ದೇ ತಡ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯೆಲ್ಲ ಕಲ್ಲು ಮಾಡಿಕೊಂಡಳು. ಕೈ ಕಳಚಿದ ನೋವು ಒಮ್ಮೆ ಕಂಡವರು ಇನ್ನೇನು ಮಾಡುತ್ತಾರೆ? ಮುಳ್ಳು ಅಲುಗಲಿಲ್ಲ. ಜಯಕುಮಾರ್ “ನಾರ್ಮಲ್” ಎಂದರು.

ಆಮೇಲೆ ನಾನು. ನನಗೆ ಇಕ್ಕಳದ ಮೆತ್ತೆ ಕಚಗುಳಿಯಾಯಿತು, ನಕ್ಕುಬಿಟ್ಟೆ. ಮೈ ಸಡಿಲವಾಗಿತ್ತು. ಮುಳ್ಳು ಓಡಿ ಕೆಂಪು ಗೆರೆ ದಾಟಿತು.

“ನನ್ ಭುಜಕ್ಕೆ ಏನೂ ಆಗಿಲ್ಲ ಸಾರ್. ಜಾರೋದು ಅವ್ಳ ಕೈ. ಅವ್ಳನ್ನ ಒಸಿ ಕೇಳಿ,” ಎಂದೆ.

“ಕೇಳೋ ಹಂಗಿಲ್ಲ ಕಣಮ್ಮ. ಮೆಷಿನ್ ಏನ್ ಹೇಳ್ತದೋ ಅದನ್ನ ಬರಿಯೋದಷ್ಟೇ ನನ್ ಕೆಲ್ಸ. ಮೇಲಿಂದ ಹಂಗೇ ಆರ್ಡರ್ ಆಗೈತೆ.”

ಮೇಲೆ ಎಂದರೆ ತಾವು, ಮಾನ್ಯರೇ. ಎದುರಿಗೆ ಕೂತ ಮನುಷ್ಯರಿಗೆ ಬಾಯಿ ಇರುವಾಗ ಅವರ ಭುಜದೊಡನೆ ಮಾತ್ರ ಮಾತಾಡಬೇಕೆಂಬ ನಿಯಮವನ್ನು ಯಾವ ವೈದ್ಯಶಾಸ್ತ್ರದಿಂದ ಹೆಕ್ಕಿದಿರಿ?

ನನ್ನನ್ನು ಕೆಲಸದಿಂದ ಬಿಡಿಸಿದರು. ಕಾರಣದ ಚೀಟಿಯಲ್ಲಿ ‘ಶೋಲ್ಡರ್ ಲೂಸ್’ ಎಂದಿತ್ತು. ಆ ಎರಡು ಪದಗಳಲ್ಲಿ ಮೊದಲನೆಯದು ವ್ಯಾನು ಇಳಿಯುವಷ್ಟರಲ್ಲಿ ಉದುರಿಹೋಗಿ, ಎರಡನೆಯದು ಮಾತ್ರ ಅಕ್ಕೂರು ತಲುಪಿತು. ತಮಗೆ ಕನ್ನಡ ಬರುತ್ತದೆಂದು ನಂಬಿದ್ದೇನೆ; ‘ಲೂಸು’ ಎಂದರೆ ನಮ್ಮ ಕಡೆ ಭುಜಕ್ಕೆ ಸಂಬಂಧಪಟ್ಟ ಮಾತಲ್ಲ. ಪಕ್ಕದ ಮನೆಯ ನರಸಯ್ಯನವರು ಬಹಳ ಮರುಕದಿಂದ ನಮ್ಮಮ್ಮನ ಬಳಿ ಬಂದರು.

“ಗಂಗಲಕ್ಷ್ಮಮ್ಮ, ಮಗೀಗೆ ಲೂಸು ಅಂತ ಕಂಪ್ನಿಯವ್ರೇ ಬರ್ದ್ ಕೊಟ್ಟವ್ರಂತೆ? ಕೋಡಿಹಳ್ಳಿ ಕಡೆ ಒಬ್ರು ತಾಯ್ತ ಕಟ್ತಾರೆ, ಕರ್ಕೊಂಡ್ ಹೋಗ್ ಬತ್ತೀಯಾ?”

ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. “ಲೂಸಾಗಿರೋದು ಅವ್ಳ ಭುಜ ಕಣಣ್ಣ! ತಲೆ ನೆಟ್ಗೈತೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅದರಿಂದ ವಿಷಯ ಇನ್ನೂ ಕೆಟ್ಟಿತು. ತಲೆಯ ವಿಷಯ ತಿಳಿಯದಿದ್ದವರಿಗೆ ತಲೆಯ ವಿಷಯವೂ, ಭುಜದ ವಿಷಯ ತಿಳಿಯದಿದ್ದವರಿಗೆ ಭುಜದ ವಿಷಯವೂ ಏಕಕಾಲಕ್ಕೆ ತಿಳಿಯಿತು. ನನಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ. ಒಲೆಯ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಇಲ್ಲಿಯವರೆಗಿನದು ನಗುವ ಮಾತಾಯಿತು. ಮುಂದಿನದು ಅಲ್ಲ.

ನಾನು ಹೋದ ಮೇಲೆ ಮೇಲಿನ ಮೊಳೆಗಳನ್ನು ಮುಗಿಸಿಕೊಡುವವರು ಯಾರೂ ಇರಲಿಲ್ಲ. ಜೈನಬ್ ಸೂಪರ್‌ವೈಸರ್ ಮನೋಹರ್ ಅವರ ಬಳಿ ಹೋಗಿ, ಕೂತು ಟೇಪು ಸುತ್ತುವ ಕೆಲಸ ಕೊಡಿ ಎಂದು ಕೇಳಿಕೊಂಡಳು. “ಮೆಷಿನ್ನೇ ನಾರ್ಮಲ್ ಅಂದೈತೆ. ನಿಂದೇನಮ್ಮ ನಾಟ್ಕ?” ಎಂದು ಅವರು ಹಲಗೆಗೇ ಕಳಿಸಿದರು. ಅವರನ್ನೂ ಏನೆನ್ನಲಿ? ಅವರ ಕೈಯಲ್ಲಿ ತಮ್ಮ ಸಹಿ ಇತ್ತು. ಮೂಲೆಯ ಮೊಳೆಗೆ ಕೈ ಚಾಚಿ ವೈರು ಎಳೆದಾಗ ಅವಳ ತೋಳು ಕಳಚಿತು. ಈ ಸಲ ತಾನಾಗಿ ಒಳಗೆ ಹೋಗಲಿಲ್ಲ. ಅವಳು ಎಡಗೈಯಲ್ಲಿ ಬಲಗೈಯನ್ನು ಮಗುವಿನಂತೆ ಎತ್ತಿ ಹಿಡಿದು ಹಲಗೆಗೆ ಹಣೆ ಒತ್ತಿ ನಿಂತಳಂತೆ. ನಾಟಕವಿರಬೇಕೆಂದು ಒಂದಷ್ಟು ಹೊತ್ತು ಯಾರೂ ಹತ್ತಿರ ಹೋಗಲಿಲ್ಲ.

ರಾಮನಗರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಕೀಲನ್ನು ಕೂರಿಸಿದರು. ಆದರೆ ಕೀಲಿನ ಪಕ್ಕದ ನರ ಎಳೆತಕ್ಕೆ ಸಿಕ್ಕಿ, ತೋಳಿನ ಹೊರಮೈಯಲ್ಲಿ ಮುಟ್ಟಿದ್ದು ತಿಳಿಯುವುದಿಲ್ಲ. ನಾನು ನೋಡಲು ಹೋದಾಗ ಜೈನಬ್ ಅಲ್ಲಿಗೆ ಬೆರಳು ತೋರಿಸಿ, “ಇಲ್ಲಿ ಚಿವುಟು,” ಎಂದಳು. ಮೆಲ್ಲಗೆ ಚಿವುಟಿದೆ. “ಜೋರಾಗಿ ಚಿವುಟೇ, ಏನ್ ಮುದ್ದು ಮಾಡ್ತಾ ಇದೀಯಾ?” ಎಂದಳು. ಉಗುರು ಊರಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಸಮದ್ ಸಾಬರು ಎದ್ದು ಹೊರಗೆ ಹೋದರು.

ಆ ಡಾಕ್ಟರಮ್ಮ ಹೇಳಿದ್ದನ್ನು ತಮಗೆ ಒಪ್ಪಿಸುವುದು ನನಗೆ ಮುಜುಗರ. ತಾವೂ ಅದೇ ಪುಸ್ತಕಗಳನ್ನು ಓದಿದವರು. ಸಡಿಲ ಇರುವುದು ಬೇರೆ, ಜಾರುವುದು ಬೇರೆ. ಹುಟ್ಟಾ ಸಡಿಲವಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಹಾಗಾಗಿ ಎರಡೂ ಭುಜ ಅಳೆದು ಹೋಲಿಸಬೇಕು. ತಮ್ಮವರು ಬಲಭುಜ ಮಾತ್ರ ಅಳೆದರು. ಹೆದರಿ ಬಿಗಿಹಿಡಿದ ಸ್ನಾಯು ಮುಳ್ಳನ್ನು ಓಡಗೊಡುವುದಿಲ್ಲ. ಅದಕ್ಕೇ ಮೊದಲು ಮಾತಾಡಿಸಿ ಧೈರ್ಯ ಹೇಳಬೇಕು. “ಯಂತ್ರ ಕೆಟ್ಟದ್ದಲ್ಲಮ್ಮ. ಅಳತೆ ಎಷ್ಟು ಅನ್ನೋದನ್ನ ಅದು ಹೇಳುತ್ತೆ. ಅದರ ಅರ್ಥ ಏನು ಅಂತ ನಾವು ಹೇಳ್ಬೇಕು,” ಎಂದರು. ನನಗೂ ಯಂತ್ರದ ಮೇಲೆ ಕೋಪವಿಲ್ಲ. ಅದು ಸಂಬಳವಿಲ್ಲದೆ ತನ್ನ ಕೆಲಸ ಮಾಡಿತು.

ಸಮದ್ ಸಾಬರೂ ನಾನೂ ಕಂಪನಿಗೆ ಹೋದೆವು. ಮ್ಯಾನೇಜರು ನಮ್ಮನ್ನು ಕೂರಿಸಿ ಟೀ ತರಿಸಿದರು. ಜೈನಬ್ ದಾಖಲೆಯ ಪ್ರಕಾರ ಆರೋಗ್ಯವಂತಳಾದ್ದರಿಂದ, ಜೋಲಿ ಬಿಚ್ಚಿದ ಕೂಡಲೇ ಅದೇ ಹಲಗೆಗೆ ಬರಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: ಅವಳು ಬಿಟ್ಟರೆ ಆ ಜಾಗಕ್ಕೆ ನಾನು ಗುತ್ತಿಗೆಯ ಮೇಲೆ ಬರಬಹುದು, ಗುತ್ತಿಗೆಯವರ ಭುಜ ಅಳೆಯುವ ನಿಯಮವಿಲ್ಲ!

ಕಾಯಂ ಆಗಿದ್ದಾಗ ಅಪಾಯಕಾರಿಯಾಗಿದ್ದ ನನ್ನ ಭುಜ ಗುತ್ತಿಗೆಗೆ ಬಂದರೆ ಗಟ್ಟಿಯಾಗುತ್ತದೆಂದು ತಿಳಿದು ಪುಳಕಗೊಂಡೆ. ಸಮದ್ ಸಾಬರು ನನ್ನನ್ನು ನೋಡಲಿಲ್ಲ, ಟೀ ಲೋಟವನ್ನೇ ನೋಡುತ್ತ, “ಆ ಕೆಲ್ಸ ತಗೋ ಮಗ, ನಮ್ ಮುಖ ನೋಡ್ಬೇಡ,” ಎಂದರು. ನನಗೆ ಕೆಲಸ ಬೇಕಾಗಿತ್ತು. ಈಗಲೂ ಬೇಕು. ಆದರೆ ಆ ಮೂಲೆಯ ಮೊಳೆಗೆ ಕೈ ಚಾಚುವಾಗಲೆಲ್ಲ ನನ್ನ ಉಗುರಿನ ಗುರುತು ಅವಳ ತೋಳಿನ ಮೇಲೆ ಕಾಣುತ್ತದಲ್ಲ? “ಬ್ಯಾಡ ಸಾರ್,” ಎಂದು ಎದ್ದುಬಂದೆ. ಅಮ್ಮನಿಗೆ ಹೇಳಿದಾಗ ಬಯ್ಯುತ್ತಾಳೆ ಅಂದುಕೊಂಡಿದ್ದೆ. “ಒಳ್ಳೇದ್ ಮಾಡ್ದೆ. ಆ ಮಗೀಗೆ ಒಸಿ ರಾಗಿ ಹುರಿಹಿಟ್ಟು ತಗೊಂಡ್ ಹೋಗ್ ಕೊಡು,” ಎಂದಳಷ್ಟೇ.

ತಮ್ಮ ಕಚೇರಿಗೂ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಮತ್ತೊಮ್ಮೆ ಬಂದೆ, ಮೀಟಿಂಗು ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಮೀಟಿಂಗಿನೊಳಗೂ ಪತ್ರಿಕೆ ಬರುತ್ತದಂತೆ.

ಜೈನಬಳ ಜೋಲಿ ಬರುವ ವಾರ ಬಿಚ್ಚುತ್ತಾರೆ. ನರ ಚೇತರಿಸಿಕೊಳ್ಳಬಹುದು ಎಂದಿದ್ದಾರೆ ಡಾಕ್ಟರಮ್ಮ, ಆದರೆ ಕೈ ಮೇಲೆತ್ತುವ ಕೆಲಸ ಕೂಡದು. ಅಷ್ಟರೊಳಗೆ ತಾವು ಕಾರ್ಖಾನೆಗೆ ಬನ್ನಿ. ಯಂತ್ರವನ್ನು ಬೇಕಾದರೆ ಜೊತೆಗೆ ತನ್ನಿ, ಒಂದು ಕುರ್ಚಿ ಮಾತ್ರ ಹೆಚ್ಚಿಗೆ ಹಾಕಿಸಿ, ಅದರಲ್ಲಿ ತಾವು ಕೂತು ಪ್ರತಿಯೊಬ್ಬಳನ್ನೂ ಕೇಳಿ: ನಿನ್ನ ಕೈ ಯಾವತ್ತಾದರೂ ಜಾರಿದೆಯಾ, ಏನು ಮಾಡುವಾಗ ಭಯವಾಗುತ್ತದೆ? ಜೈನಬಳಿಗೆ ಕೂತು ಮಾಡುವ ಕೆಲಸ ಕೊಡಿಸಿ. ನನ್ನನ್ನು ನನ್ನ ಹಲಗೆಗೆ, ಗುತ್ತಿಗೆಗಲ್ಲ, ಮೊದಲಿದ್ದಂತೆ ಕಾಯಂ ಆಗಿ ಕಳಿಸಿ. ಒಬ್ಬಳನ್ನು ಎಬ್ಬಿಸಿ ಇನ್ನೊಬ್ಬಳನ್ನು ಕೂರಿಸುವ ಏರ್ಪಾಡು ನಮಗೆ ಬೇಡ. ಇಬ್ಬರಿಗೂ ಜಾಗವಿದೆ, ನಾವು ನೋಡಿದ್ದೇವೆ.

ಇಂತಿ, ಉತ್ತರ ಬರುವ ತನಕ ರೇಷ್ಮೆಹುಳು ಸಾಕುತ್ತ ಅಮ್ಮನಿಂದ ಬೈಸಿಕೊಳ್ಳುತ್ತಿರುವ,
ಭಾನುಪ್ರಿಯ
ಅಕ್ಕೂರು

(ಜೈನಬ್ ತಾನೂ ಸಹಿ ಹಾಕುತ್ತೇನೆಂದು ಹಟ ಹಿಡಿದು ಎಡಗೈಯಲ್ಲಿ ಬರೆದಿದ್ದಾಳೆ. ಅಕ್ಷರ ಸೊಟ್ಟಗಿದೆ, ಓದಿಕೊಳ್ಳುವುದು.)