ಪಂಕ್ಚರ್ ಆಗದ ಸೈಕಲ್ಲು

ಬನಹಟ್ಟಿ,
ಮಂಗಳವಾರ, ೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಶೇವಂತಿಗೆ,

ಮೊದಲು ನಿನ್ನ ಎಡ ಮೊಣಕಾಲಿನ ಸಮಾಚಾರ ತಿಳಿಸು, ಉಳಿದದ್ದು ಆಮೇಲೆ. ಅಲ್ಲಿಯ ಥಂಡಿಗೆ ಅದು ಹಟ ಹಿಡಿದಿದೆಯೋ, ಫ್ರಾನ್ಸಿಗೆ ಹೋದ ಮೇಲೆ ಅದಕ್ಕೂ ಶಿಸ್ತು ಬಂದಿದೆಯೋ? ನೀನು ಸೈಕ್ಲಿಂಗ್ ಕ್ಯಾಂಪಿಗೆ ಕರೆದುಕೊಂಡು ಹೋದ ನಾಲ್ಕು ಹುಡುಗಿಯರು ಹೊಟ್ಟೆ ತುಂಬ ಉಣ್ಣುತ್ತಾರೆಯೇ? ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಉಳಿದಿವೆಯೋ, ಮೊದಲ ವಾರವೇ ಸ್ವಾಹಾ ಆದವೋ? ಇಲ್ಲಿ ಎಲ್ಲರೂ ಆರಾಮ. ಅವ್ವನ ಬಿಪಿ ಹತೋಟಿಯಲ್ಲಿದೆ, ಅವ್ವ ಮಾತ್ರ ಯಾರ ಹತೋಟಿಯಲ್ಲೂ ಇಲ್ಲ. ನಾಲ್ಕೂ ಮಗ್ಗಗಳು ನಡೆದಿವೆ. ನಿನ್ನ ಶಿಷ್ಯೆ ಮಾನಸಿಯ ಅಪ್ಪ, ಅದೇ ತೇರದಾಳದ ಸೈಕಲ್ ಅಂಗಡಿ ಅಪ್ಪಾಜಿ, ಗಿರಾಕಿ ಬಂದರೆ ಮೊದಲು ಮಗಳ ಫೋಟೋ ತೋರಿಸುತ್ತಾನೆ, ಆಮೇಲೆ ಪಂಕ್ಚರ್ ನೋಡುತ್ತಾನೆ. ಫೋನಿದ್ದೂ ಕಾಗದ ಯಾಕೆ ಎಂದು ಕೇಳಬೇಡ. ಮಗ್ಗಗಳ ಸದ್ದಿನಲ್ಲಿ ನಾನು ಫೋನಿನಲ್ಲಿ ಹೇಳಿದ್ದು ನಿನಗೆ ಕೇಳುವುದಿಲ್ಲ, ಇಡೀ ಓಣಿಗೆ ಕೇಳುತ್ತದೆ. ಇದನ್ನು ಬರೆದು, ಫೋಟೋ ತೆಗೆದು, ನಿನಗೊಬ್ಬಳಿಗೇ ಕಳಿಸುತ್ತೇನೆ.

ನಿನ್ನ ಪತ್ರವನ್ನು ಏಳು ಸಲ ಓದಿದೆ. ಪ್ರತಿ ಸಲವೂ ಗೊಂದಲ ಒಂದು ಕೇಜಿ ಹೆಚ್ಚಾಯಿತು. ಫ್ರಾನ್ಸಿನ ಆ ಬ್ರಿಟನಿ ಸೀಮೆಯಲ್ಲಿ ಸೈಕಲ್ ಹೊಡೆಯಲು ಶಾಂತ ರಸ್ತೆಗಳಿವೆ, ನಕ್ಷೆಯಲ್ಲಿ ಅವನ್ನೇ ಬೇರೆ ಬಣ್ಣದಲ್ಲಿ ತೋರಿಸುತ್ತಾರೆ, ಒಂದು ತಾಸು ಹೋದರೂ ಒಂದು ನರಪಿಳ್ಳೆ ಎದುರಾಗುವುದಿಲ್ಲ ಎಂದು ಬರೆದಿದ್ದೀ. ಎರಡೂ ಬದಿಗೆ ಗಿಡಗಂಟಿಯ ಬೇಲಿ, ಸೇಬಿನ ತೋಟ, ಕಲ್ಲಿನ ಗುಡಿ, ಕಾಲುವೆ. ಇದನ್ನೆಲ್ಲ ಓದಿ ಸಂತೋಷಪಡಬೇಕೋ, ಅಲ್ಲಿಯ ಮಂದಿಗೆ ಏನಾಯಿತು ಎಂದು ಚಿಂತಿಸಬೇಕೋ ತಿಳಿಯಲಿಲ್ಲ. ನಮ್ಮ ಊರಲ್ಲಿ ಶಾಂತವಾಯಿತು ಅಂದರೆ ಕರೆಂಟ್ ಹೋಯಿತು ಅಂತ ಅರ್ಥ. ಮಗ್ಗ ನಿಂತ ಕೂಡಲೇ ನಿದ್ದೆಯಲ್ಲಿದ್ದವನೂ ಎದ್ದು ಕಟ್ಟೆಗೆ ಬಂದು ‘ನಿಮ್ಮಲ್ಲೂ ಹೋಗೇತೇನ್ರಿ?’ ಎಂದು ಕೇಳುವ ಊರಿನವಳು ನೀನು, ಅಲ್ಲಿ ಶಾಂತಿಗಾಗಿ ಮೈಲಿಗಟ್ಟಲೆ ಪೆಡಲ್ ತುಳಿಯುತ್ತಿದ್ದೀ. ಅದೂ ಹೋಗಲಿ. ಹಳೆಯ ರೈಲು ಹಳಿ ಕಿತ್ತು ಅದನ್ನೇ ಸೈಕಲ್ ದಾರಿ ಮಾಡಿದ್ದಾರೆ ಎಂದು ಬರೆದೆಯಲ್ಲ, ಅದನ್ನು ಮಾತ್ರ ನಾನು ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ನಮ್ಮ ಅಜ್ಜನ ಕಾಲದಿಂದ ರೈಲು ಬರಲಿ, ರೈಲು ಬರಲಿ ಎಂದು ಮನವಿ ಕೊಡುತ್ತಿದ್ದೇವೆ. ಬಂದ ರೈಲನ್ನು ಕಳಿಸಿಬಿಟ್ಟು ಸೈಕಲ್ ಹೊಡೆಯುವವರಿದ್ದಾರೆ ಎಂದು ಗೊತ್ತಾದರೆ ಹೋರಾಟ ಸಮಿತಿಯವರು ಊಟ ಬಿಡುತ್ತಾರೆ.

ನೀನು ಕಳಿಸಿದ ಫೋಟೋ ಅವ್ವನಿಗೆ ತೋರಿಸಿದೆ. ಉದ್ದನೆಯ ಒಂದೇ ಸೈಕಲ್ಲು, ಎರಡು ಸೀಟು, ಎರಡು ಜೊತೆ ಪೆಡಲು, ಮುಂದೆ ಮುದುಕಿ, ಹಿಂದೆ ಮುದುಕ. ಅವ್ವ ಕನ್ನಡಕ ಒರೆಸಿ, ಮತ್ತೊಮ್ಮೆ ನೋಡಿ, ‘ಹಿಂದಿನಾಂವ ಖರೇನ ತುಳಿಯಾಕತ್ತಾನೋ, ಸುಮ್ಮ ಕಾಲ್ ಆಡ್ಸಾಕತ್ತಾನೋ, ಮುಂದ ಕುಂತಾಕಿಗೆ ಹೆಂಗ ಗೊತ್ತಾಗ್ತೈತಿ?’ ಎಂದು ಕೇಳಿದಳು. ನನಗೂ ಗೊತ್ತಿಲ್ಲ. ಅದೇ ಪತ್ರದ ಕೊನೆಯಲ್ಲಿ ನೀನು ಬರೆದ ನಾಲ್ಕು ಸಾಲು ಮಾತ್ರ ಅವ್ವನಿಗೆ ತೋರಿಸಲಿಲ್ಲ. ‘ಹದಿನಾರ ವರ್ಷ ಆತು, ನಾವಿಬ್ಬರು ಒಂದ್ ದಾರ್ಯಾಗ ಒಂದ್ ತಾಸು ಜೋಡೀಲೆ ಹೋಗಿಲ್ಲರೀ. ನಾ ಮುಂದ ಸೈಕಲ್ ಮ್ಯಾಲ, ನೀವು ಹಿಂದ ಕ್ರೂಸರ್ ಜೀಪಿನ್ಯಾಗ. ಕ್ಯಾಂಪ್ ಮುಗದ ಮ್ಯಾಲ ಹತ್ತು ದಿನ ಅದಾವು. ಬರ್ರಿ, ಇಲ್ಲಿ ಇಬ್ಬರೂ ಸೈಕಲ್ ಹೊಡ್ಯೂಣು.’ ವೀಸಾದ ಸಲುವಾಗಿ ಹದಿನೈದನೇ ತಾರೀಖಿನೊಳಗೆ ಹೂಂ ಅಥವಾ ಹುಂಹೂಂ ಹೇಳಬೇಕು, ಅಲ್ಲಿಯತನಕ ಇಲ್ಲೇ ಒಂದು ಶಾಂತ ರಸ್ತೆ ಹುಡುಕಿ ದಿನಾ ರೂಢಿ ಮಾಡಿಕೊಳ್ಳಬೇಕು ಎಂಬ ಆಜ್ಞೆ ಬೇರೆ. ಕನ್ಯೆ ನೋಡಲು ಬಂದ ದಿನ ನೀನು ಎಲ್ಲರೆದುರು ನನಗೆ ಕೇಳಿದ್ದು ಒಂದೇ ಪ್ರಶ್ನೆ, ನೆನಪಿದೆಯೇ? ‘ಸೈಕಲ್ ಹೊಡಿಯಾಕ ಬರ್ತೈತೇನ್ರಿ?’ ನಾನು ಮೀಸೆ ತೀಡಿ ‘ಅದೇನ್ ದೊಡ್ಡ ಮಾತು’ ಅಂದೆ. ನಿಮ್ಮಪ್ಪ ಅಲ್ಲೇ ಸಕ್ಕರೆ ಹಂಚಿದರು.

ಆಜ್ಞೆಯಂತೆ ಶಾಂತ ರಸ್ತೆಯ ಶೋಧ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ನಿನ್ನ ಹಳೆಯ ಸೈಕಲ್ಲು ತೆಗೆದುಕೊಂಡು ಚಿಮ್ಮಡದ ರಸ್ತೆ ಹಿಡಿದೆ. ಹಿಡಿದೆ ಅಂದರೆ, ಸೈಕಲ್ಲಿನ ಹ್ಯಾಂಡಲ್ ಹಿಡಿದು ನಡೆದೆ. ರಸ್ತೆ ಪರೀಕ್ಷೆ ಮಾಡುವವನು ನಡೆದೇ ಮಾಡಬೇಕು, ಮೇಲೆ ಕೂತರೆ ತಗ್ಗು ಕಣ್ಣಿಗೆ ಬೀಳುವುದಿಲ್ಲ. ಆದರೆ ಸೈಕಲ್ ದೂಡಿಕೊಂಡು ಹೊರಟ ಗಂಡಸನ್ನು ನಮ್ಮ ಮಂದಿ ಸುಮ್ಮನೆ ಬಿಡುತ್ತಾರೆಯೇ? ಮೊದಲು ಒಬ್ಬ ಬೈಕಿನವನು, ‘ಪಂಕ್ಚರ್ ಆಗೇತೇನ್ರಿ?’ ಇಲ್ಲಪ್ಪ ಅಂದೆ. ಹಿಂದೆ ಹಾಲಿನ ಗಾಡಿಯವನು, ‘ಪಂಕ್ಚರ್ ಏನ್ರಿ?’ ಅದರ ಹಿಂದೆ ಸಾಲಿ ಮಾಸ್ತರ. ಇಲ್ಲ ಅಂದರೆ ಯಾರೂ ನಂಬುವುದಿಲ್ಲ, ಸಂಕೋಚ ಅಂದುಕೊಳ್ಳುತ್ತಾರೆ. ಆರನೆಯವನು ತೇರದಾಳಕ್ಕೆ ಹೊರಟ ಗೂಡ್ಸ್ ಆಟೊದವನು. ಅವನು ಕೇಳಲೇ ಇಲ್ಲ. ಇಳಿದ, ಸೈಕಲ್ಲು ಎತ್ತಿ ಹಿಂದೆ ಹಾಕಿದ, ನನ್ನನ್ನು ಮುಂದೆ ಕೂಡಿಸಿದ, ನೇರವಾಗಿ ಅಪ್ಪಾಜಿಯ ಅಂಗಡಿಗೆ ತಂದು ಇಳಿಸಿ ‘ಸಾವ್ಕಾರ್ರ ಗಾಡಿ ಲಗೂನ ನೋಡ್ರಿ’ ಎಂದು ಹೇಳಿ ಹೋದ. ಅಪ್ಪಾಜಿ ಎರಡೂ ಟ್ಯೂಬು ಬಿಚ್ಚಿ ನೀರಿನಲ್ಲಿ ಮುಳುಗಿಸಿದ. ಒಂದು ಗುಳ್ಳೆ ಬರಲಿಲ್ಲ. ನನ್ನ ಮುಖವನ್ನೂ ಮುಳುಗಿಸಿ ನೋಡುವವನಂತೆ ದಿಟ್ಟಿಸಿದ. ‘ಗಾಳಿ ಐತಿ, ಚೈನ್ ಐತಿ, ಬ್ರೇಕ್ ಐತಿ. ಮತ್ತ ದೂಡಕೋಂತ ಯಾಕ ಹೊಂಟಿದ್ರಿ?’ ಅಂದ. ನಾನು ಮಾನಸಿಯ ಫೋಟೋ ತೋರಿಸು ಅಂದೆ. ಬಚಾವಾದೆ.

ಎರಡನೆಯ ದಿನ ಬೀಳಗಿ ಕಡೆಯ ರಸ್ತೆ ಛಲೋ ಐತಿ ಎಂದು ಅವ್ವ ಹೇಳಿದಳು. ಖರೆ, ರಸ್ತೆ ಛಲೋನೇ. ಆದರೆ ಆ ದಾರಿಯಲ್ಲಿ ನಾಲ್ಕು ಊರಲ್ಲಿ ನಮ್ಮ ಬೀಗರಿದ್ದಾರೆ. ಚಹಾ ಕುಡಿಯದೆ ದಾಟಿದರೆ ಜಗಳ, ಕುಡಿಯುತ್ತ ಹೋದರೆ ಬೀಳಗಿ ಮುಟ್ಟುವುದು ಮರುದಿನ. ಅದನ್ನು ಹೊರಡುವ ಮೊದಲೇ ಕೈಬಿಟ್ಟೆ. ಮೂರನೆಯ ದಿನ ಬುದ್ಧಿವಂತನಾಗಿ ಸೈಕಲ್ಲನ್ನು ಟಂಟಂ ಆಟೊದ ಮೇಲೆ ಹೇರಿ, ಮುಧೋಳ ತಾಲೂಕಿನ ರನ್ನ ಬೆಳಗಲಿಗೇ ಹೋಗಿ ಇಳಿದೆ. ಅಲ್ಲಿ ನನ್ನ ಪರಿಚಯದವರು ಒಬ್ಬರೂ ಇಲ್ಲ. ಊರ ಹೊರಗೆ ಕಬ್ಬಿನ ಹೊಲದ ನಡುವೆ ಕಾಲುವೆಯ ದಂಡೆ. ಶೇವಂತಿ, ಸುಳ್ಳು ಹೇಳುವುದಿಲ್ಲ, ಅದು ನಿನ್ನ ಪತ್ರದ ರಸ್ತೆಯೇ ಆಗಿತ್ತು. ಗಾಳಿಗೆ ಕಬ್ಬಿನ ಗರಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮಗ್ಗದ ಸದ್ದಿಲ್ಲದೆ ನನ್ನ ಕಿವಿಗೆ ಕೆಲಸ ಹೋದಂತಾಗಿ ಗಾಬರಿಯೂ ಆಯಿತು. ಸೈಕಲ್ಲು ಮಲಗಿಸಿ, ದಂಡೆಯ ಮೇಲೆ ಕೂತು, ನೀರು ನೋಡುತ್ತ, ನಿನಗೆ ಏನು ಉತ್ತರ ಬರೆಯಲಿ ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದು ಮೆಲ್ಲಗೆ ಪಕ್ಕದಲ್ಲಿ ಕೂತರು. ಮುರಗೆಪ್ಪ ಎಂದು ಹೆಸರು, ಕಬ್ಬು ಅವರದೇ. ‘ಯಾವೂರ್ರಿ? ಇಲ್ಲ್ಯಾಕ ಒಬ್ಬರ ಕುಂತೀರಿ?’ ಅಂದರು. ‘ಒಂಚೂರು ಶಾಂತಿ ಬೇಕಾಗಿತ್ರಿ’ ಅಂದೆ. ಅವರು ನನ್ನ ಅಂಗಿಯ ತೋಳು ಹಿಡಿದರು. ‘ಮನ್ಯಾಗ ಏನರ ಆಗೇತೇನು? ಹೆಂಡ್ತಿ ಎಲ್ಲೆದಾರ?’ ‘ಫ್ರಾನ್ಸಿನ್ಯಾಗ.’ ಅಂಗಿ ಬಿಟ್ಟು ರಟ್ಟೆಯನ್ನೇ ಹಿಡಿದರು. ‘ಏನರ ಇರಲಿ, ಕಾಲವಿಗೆ ಬೀಳೂ ವಯಸ್ಸಲ್ಲರೀ ಇದು’ ಎಂದು ಮನೆಗೆ ಎಳೆದೊಯ್ದು ಜೋಳದ ರೊಟ್ಟಿ ತಿನ್ನಿಸಿದರು, ಅವ್ವನ ನಂಬರ್ ಇಸಿದುಕೊಂಡರು, ಸೈಕಲ್ ಸಮೇತ ಗಾಡಿ ಹತ್ತಿಸಿದರು. ನಾನು ಮನೆ ಮುಟ್ಟುವ ಮೊದಲೇ ಓಣಿಯ ಅರ್ಧ ಮಂದಿ ನಮ್ಮ ಕಟ್ಟೆಯ ಮೇಲಿದ್ದರು. ‘ಬರ್ತಾಳ ಬಿಡ್ರಿ, ಎಲ್ಲಿ ಹೊಕ್ಕಾಳ’ ಎಂದು ಸಮಾಧಾನ ಹೇಳಿದರು. ನಿನಗೆ ಯಾರಾದರೂ ಫೋನ್ ಮಾಡಿ ಬುದ್ಧಿ ಹೇಳಿದರೆ ಸುಮ್ಮನೆ ಹೂಂ ಅನ್ನು. ರಾತ್ರಿ ಊಟಕ್ಕೆ ಕೂತಾಗ ಅವ್ವ ಮಾತ್ರ, ‘ಹೋಗಿ ಬಾ. ನಾಕ್ ಮಗ್ಗ ನೋಡ್ಕೊಳ್ಳಾಕ ನಾ ಅದೇನಿ. ನಿನ್ನ ಮಾರಿ ನೋಡೂದ ಆಗವಲ್ದು’ ಅಂದಳು. ಆ ನಾಲ್ಕು ಸಾಲು ಅವಳಿಗೆ ಯಾರು ತೋರಿಸಿದರೋ, ಅದೂ ನನಗೆ ತಿಳಿಯದು.

ಹೀಗೆ, ನಮ್ಮ ಸೀಮೆಯಲ್ಲಿ ಶಾಂತ ರಸ್ತೆ ಇದೆಯೋ ಇಲ್ಲವೋ ಎಂಬುದು ಇತ್ಯರ್ಥವಾಗಿಲ್ಲ. ಪಾಸ್‌ಪೋರ್ಟು ಕಪಾಟಿನಲ್ಲಿ ನಿನ್ನ ಮೆಡಲುಗಳ ಕೆಳಗೆ ಸಿಕ್ಕಿತು. ಇದಕ್ಕಿಂತ ಹೆಚ್ಚು ಬರೆಯಲು ಪುಟ ಸಾಲದು, ಧೈರ್ಯವೂ ಅಷ್ಟಕ್ಕಷ್ಟೇ. ಹುಡುಗಿಯರಿಗೆ ನನ್ನ ಆಶೀರ್ವಾದ, ನಿನಗೆ ಅವ್ವನದು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು.

ಹದಿನಾರು ವರ್ಷದಿಂದ ನಿನ್ನ ಹಿಂದೆಯೇ ಬರುತ್ತಿರುವ,
ಗುರುಸಿದ್ದ

ತಾ.ಕ.: ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಬರೆದೇಬಿಟ್ಟೆ. ಕನ್ಯೆ ನೋಡಿದ ದಿನ ಹೇಳಿದ್ದು ಸುಳ್ಳು, ಆಮೇಲೆ ಕ್ರೂಸರ್ ಹೊಡೆದದ್ದೆಲ್ಲ ಆ ಸುಳ್ಳಿನ ಕಾವಲಿಗೆ. ಓಣಿಯ ಹುಡುಗರೆಲ್ಲ ಸೈಕಲ್ ಕಲಿಯುವಾಗ ನಾನು ಅಪ್ಪನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಿದ್ದೆ. ಹದಿನೈದು ವರ್ಷ ತುಳಿದೆ, ಇದ್ದಲ್ಲೇ ಇದ್ದೆ. ಈಗ ಸಿಟ್ಟಾಗುವುದಿದ್ದರೆ ಲಗೂನ ಆಗಿ ಮುಗಿಸು, ತಾರೀಖು ಹತ್ತಿರ ಬಂದಿದೆ. ಆ ಮುದುಕ ಮುದುಕಿ ಕೂತಿದ್ದ ಎರಡು ಸೀಟಿನ ಸೈಕಲ್ಲು ಅಲ್ಲಿ ಬಾಡಿಗೆಗೆ ಸಿಗುತ್ತದೆಯೇ, ಇವತ್ತೇ ಕೇಳು. ಸಿಕ್ಕರೆ ನನ್ನದು ಹೂಂ. ಹ್ಯಾಂಡಲ್ಲು, ಸಮತೋಲ, ದಾರಿ, ಬ್ರೇಕು ಎಲ್ಲ ನಿನ್ನವು. ನಾನು ಹಿಂದೆ ಕೂತು ತುಳಿಯುತ್ತೇನೆ, ಖರೇನೇ ತುಳಿಯುತ್ತೇನೆ. ಅವ್ವ ಕೇಳಿದ ಪ್ರಶ್ನೆಗೆ ಏರು ಬಂದಾಗ ನಿನ್ನ ಮೊಣಕಾಲೇ ಉತ್ತರ ಹೇಳಲಿ.