ತಾಯಿಯ ಪಕ್ಕದ ಫೋಟೊ

೧೩ ನವೆಂಬರ್ ೨೦೨೫, ಗುರುವಾರ

ಹಣಮಂತರಾಯರ ಫೋಟೊ ಬಂದಿಲ್ಲ. ಬಂದಿದೆ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ತೆಂಗಳಿಯಲ್ಲಿ ಅವರ ತಾಯಿ ಅಮೃತಮ್ಮ ತೀರಿಕೊಂಡಿದ್ದರು. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮೊದಲು ಅವರೊಬ್ಬರ ಫೋಟೊ ತೆಗೆದೆ. ಆಮೇಲೆ ಮಗ ಪಕ್ಕದಲ್ಲಿ ಕುಳಿತು ತಾಯಿಯ ಹೆಗಲಿಗೆ ತಲೆ ಇಟ್ಟರು. ಆಗಲೇ ಕ್ಯಾಮೆರಾ ಬಂದ್ ಆಯಿತು. ಕಂಪನಿ ಬ್ಯಾಟರಿ ಕೆಟ್ಟ ಮೇಲೆ ಸ್ಟುಡಿಯೊ ಮಾಲೀಕ ಅಂಬರೇಶಣ್ಣ ತಂದ ಡೂಪ್ಲಿಕೇಟ್ ಬ್ಯಾಟರಿ ಅದು. ಪೂರ್ತಿ ಚಾರ್ಜ್ ತೋರಿಸುತ್ತಲೇ ನಿಂತುಬಿಡುತ್ತದೆ. ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದೆ, ಹತ್ತಲಿಲ್ಲ. ಫೋಟೊದವನು ಇದ್ದಾನಲ್ಲ ಎಂದು ಯಾರೂ ಮೊಬೈಲ್ ಎತ್ತಿರಲಿಲ್ಲ.

“ಬಂತೇನಪಾ?” ಎಂದರು ಹಣಮಂತರಾಯರು, ತಲೆ ಎತ್ತದೆ.

ಅಷ್ಟು ಜನರ ನಡುವೆ ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ಸುಮ್ಮನೆ ಬಟನ್ ಒತ್ತಿ “ಬಂತ್ರಿ” ಎಂದೆ. ಅವರು ಎದ್ದರು. ಅಮೃತಮ್ಮನನ್ನು ಮಣ್ಣಿಗೆ ಒಯ್ದರು.

ಸಂಜೆ ಸೇಡಂನ ಸ್ಟುಡಿಯೊಗೆ ಬಂದು ಅಂಬರೇಶಣ್ಣನಿಗೆ ಹೇಳಿದೆ.

“ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತೀದಿ? ಅವ್ರ ಮಗಳ ಮದಿವಿ ಫೋಟೊ ನಮ್ ಹತ್ರಾನೇ ಅವ. ಅದರಾಗಿಂದ ಅವ್ರನ್ನ ತಗದು ಅವ್ವನ ಬಾಜೂಕ ಕುಂದ್ರಸ್ತೀನಿ. ಯಾರಿಗ್ ಗೊತ್ತಾಗ್ತದ?”

ಆ ಮದುವೆ ಫೋಟೊಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಅವರು ನಗುತ್ತಿದ್ದಾರೆ. ಇವತ್ತಿನ ಅವರ ಮುಖವನ್ನು ಅಷ್ಟು ಹತ್ತಿರದಿಂದ ಕಂಡವನು ನಾನೊಬ್ಬನೇ.

ನಾಳೆ ತೆಂಗಳಿಗೆ ಹೋಗಬೇಕು. ಅಂಗಳದ ತುಂಬ ನೆಂಟರಿದ್ದರೂ ಫೋಟೊ ಬಂದಿಲ್ಲ ಎಂದು ಹೇಳಬೇಕು. ಯಾವ ಮಾತಿನಿಂದ ಶುರು ಮಾಡಲಿ ಎಂಬುದು ಇನ್ನೂ ತಿಳಿಯುತ್ತಿಲ್ಲ.