ಅಂಗೈಗೆ ಹಾಕಿದ ತುತ್ತು

ಲೋ ದಡಿಯ,

ನಮ್ಮಿಬ್ಬರ ಹೋಟೆಲು ಬಿಟ್ಟು, ನಿನ್ನ ಅಕ್ಕನಿಗೂ ವಿಳಾಸ ಕೊಡದೆ ಹೋದವನು ನೀನು, ಈ ಕಾಗದ ನಿನಗೆಲ್ಲಿ ತಲುಪುತ್ತೆ?

ನನ್ನ ಕಾಲು ಯಾಕೆ ಸೋಲುತ್ತಿದೆ ಅಂತ ಇವತ್ತು ಗೊತ್ತಾಯಿತು. ಬೆನ್ನುಹುರಿಯೊಳಗೆ ಲಾಡಿಹುಳುವಿನ ಮರಿ ಸೇರಿಕೊಂಡಿದೆಯಂತೆ. "ನಾನು ಮಾಂಸ ಮುಟ್ಟಿದವನೇ ಅಲ್ಲ!" ಅಂತ ಡಾಕ್ಟರ ಮೇಲೆ ರೇಗಿದೆ. "ಇದು ಮಾಂಸದಿಂದ ಬರಲ್ಲ. ಹೊಟ್ಟೆಯಲ್ಲಿ ಹುಳು ಇರೋರು ಕೈ ಸರಿಯಾಗಿ ತೊಳೀದೆ ಬಡಿಸಿದ್ರೆ, ಅದರ ಮೊಟ್ಟೆ ನಿಮ್ಮೊಳಗೆ ಹೋಗುತ್ತೆ" ಎಂದರು.

ನನ್ನನ್ನು ನೋಡಲು ಆಸ್ಪತ್ರೆಗೆ ಬಂದಿದ್ದ ನಿನ್ನ ಅಕ್ಕ ಅಲ್ಲೇ ಅತ್ತುಬಿಟ್ಟಳು. "ನನ್ನ ತಮ್ಮನಿಗೇ ಹುಳು ಇತ್ತಪ್ಪ. ಮಾತ್ರೆ ಕೊಟ್ಟಿದ್ರೂ ನುಂಗಲಿಲ್ಲ. ಅಡುಗೆಯವನಿಗೆ ಹುಳು ಅಂತ ಗೊತ್ತಾದ್ರೆ ಹೋಟೆಲಿಗೆ ಯಾರು ಬರ್ತಾರೆ ಅಂತ ನನ್ನ ಬಾಯಿ ಮುಚ್ಚಿಸಿದ."

ನಾನು ಬರುತ್ತಿದ್ದೆನಲ್ಲೋ! ದಿನಾ ಬಾಗಿಲು ತೆರೆಯುವ ಮುಂಚೆ ನೀನು, ಬರಿಗೈಯಲ್ಲಿ ಕಲಸಿದ ಮೊದಲ ತುತ್ತು ನನ್ನ ಅಂಗೈಗೆ ಹಾಕಿ, "ಉಪ್ಪು ನೋಡೋ, ಪಾಲುದಾರ" ಎನ್ನುತ್ತಿದ್ದೆ. ಗಿರಾಕಿಗಳಿಗೆ ಹೆದರಿದೆ, ಸರಿ. ನನ್ನ ಕಿವಿಯಲ್ಲಿ ಒಂದು ಮಾತು ಹಾಕೋಕೆ ನಿನಗೇನಾಗಿತ್ತು?

ಮಧ್ಯಾಹ್ನ ನನ್ನ ಹೆಂಡತಿ ಊಟ ತಂದಳು. "ಉಪ್ಪು ಸರಿಯಾಗಿದೆಯಾ ನೋಡಿ" ಎಂದಳು. ಬಡಿಸಿದ ತಟ್ಟೆ ಎದುರಿಗೇ ಇತ್ತು. ನಾನು ಅಂಗೈ ಚಾಚಿ ಕೂತಿದ್ದೆ.